ಲೇಬಲ್‌ನಲ್ಲಿಲ್ಲದ ಕಾಯಿಲೆ: ಬಿಂಜ್ ಈಟಿಂಗ್‌ಗೆ ಕೊಡುವ ಔಷಧಿಗಳು ಮತ್ತು ಅಮೆರಿಕದ ವಿಮೆ

ಮಾನ್ಯರೆ,

ನಾನು ವೃತ್ತಿಯಿಂದ ಫಾರ್ಮಸಿಸ್ಟ್. ಅಂಗಡಿಯಲ್ಲಿ ಮಾತ್ರೆ ಎಣಿಸಿ ಕೊಟ್ಟದ್ದಕ್ಕಿಂತ ಹೆಚ್ಚು ವರ್ಷಗಳನ್ನು, ವಿಮೆಯ ಕಡೆಯವರು ಪ್ರಯರ್ ಆಥರೈಸೇಶನ್ ಎಂದು ಕರೆಯುವ ಪೂರ್ವಾನುಮತಿಯ ಅರ್ಜಿಗಳನ್ನು ಓದುವುದರಲ್ಲಿ ಕಳೆದವನು. ಅಮೆರಿಕದ ನಮ್ಮ ಈ ಕನ್ನಡ ಕೂಟದ ಹಿರಿಯರು ಆರೋಗ್ಯದ ಬಗ್ಗೆ ಏನಾದರೂ ಮಾತಾಡಿ ಎಂದಾಗ ಸಕ್ಕರೆ ಕಾಯಿಲೆ, ಬಿ.ಪಿ. ಎಂದು ನಾಲ್ಕು ಮಾತು ಹೇಳಿ ಮುಗಿಸಬಹುದಿತ್ತು. ಆದರೆ ಆ ಅರ್ಜಿಗಳ ಮೇಜಿನ ಮುಂದೆ ಕೂತಿದ್ದಾಗ ನನ್ನನ್ನು ಬಹಳ ಕಾಡಿದ್ದು ಬಿಂಜ್ ಈಟಿಂಗ್ ಡಿಸಾರ್ಡರ್ ಎಂಬ ಕಾಯಿಲೆಯ ಕಡತಗಳು. ಈ ಕಾಯಿಲೆಗೆ ವೈದ್ಯರು ಬರೆಯುವ ಔಷಧಿಗಳಲ್ಲಿ ಹೆಚ್ಚಿನವು ಆಫ್-ಲೇಬಲ್, ಅಂದರೆ ಲೇಬಲ್‌ನಲ್ಲಿ ಬರೆಯದ ಕಾಯಿಲೆಗೆ ಕೊಡುವಂಥವು. ಅವುಗಳಿಗೆ ವಿಮೆ ಯಾವಾಗ ಹಣ ಕೊಡುತ್ತದೆ, ಯಾವಾಗ ಕೊಡುವುದಿಲ್ಲ ಎಂಬುದಷ್ಟೇ ಇಂದಿನ ವಿಷಯ.

ಮೊದಲು ಕಾಯಿಲೆ. ಸ್ವಲ್ಪ ಹೊತ್ತಿನಲ್ಲಿ, ಬೇರೆಯವರು ಅಷ್ಟೇ ಹೊತ್ತಿನಲ್ಲಿ ತಿನ್ನಲಾರದಷ್ಟು ತಿನ್ನುವುದು. ತಿನ್ನುವಾಗ ಕೈ ತನ್ನ ಹತೋಟಿಯಲ್ಲಿಲ್ಲ ಎನಿಸುವುದು. ತಿಂದ ಮೇಲೆ ನಾಚಿಕೆ, ಅಸಹ್ಯ. ಹೀಗೆ ವಾರಕ್ಕೆ ಒಂದು ಸಲವಾದರೂ ಮೂರು ತಿಂಗಳು ನಡೆಯುವುದು. ಬುಲಿಮಿಯಾ ಎಂಬ ಇನ್ನೊಂದು ತಿನ್ನುವ ಕಾಯಿಲೆಯಲ್ಲಿ ಇರುವಂತೆ ವಾಂತಿ ಮಾಡಿಕೊಳ್ಳುವುದು, ಭೇದಿಗೆ ತೆಗೆದುಕೊಳ್ಳುವುದು ಇಲ್ಲಿ ಇರುವುದಿಲ್ಲ. 1959ರಲ್ಲಿಯೇ ಆಲ್ಬರ್ಟ್ ಸ್ಟಂಕಾರ್ಡ್ ಎಂಬ ಅಮೆರಿಕದ ಮನೋವೈದ್ಯರು ಈ ಬಗೆಯ ತಿನ್ನುವಿಕೆಯನ್ನು ವಿವರಿಸಿದ್ದರೂ, ಅಮೆರಿಕದ ಮನೋವೈದ್ಯರ ಕೈಪಿಡಿಯಾದ ಡಿಎಸ್ಎಂನ ಐದನೆಯ ಆವೃತ್ತಿ 2013ರಲ್ಲಿ ಬರುವವರೆಗೆ ಇದಕ್ಕೆ ಸ್ವತಂತ್ರ ರೋಗವೆಂಬ ಸ್ಥಾನ ಇರಲಿಲ್ಲ. 1994ರ ಆವೃತ್ತಿಯಲ್ಲಿ ಇದು ಇನ್ನೂ ಅಧ್ಯಯನವಾಗಬೇಕಾದವುಗಳ ಪಟ್ಟಿಯಲ್ಲಿ, ಅನುಬಂಧದಲ್ಲಿ ಕೂತಿತ್ತು. ಬಿಲ್ಲಿಂಗ್‌ಗೆ ಬೇಕಾದ ತನ್ನದೇ ಸಂಕೇತ, ಎಫ್50.81, ಇದಕ್ಕೆ ಸಿಕ್ಕಿದ್ದು 2016ರ ಅಕ್ಟೋಬರ್‌ನಲ್ಲಿ. ಸಂಕೇತವಿಲ್ಲದ ಕಾಯಿಲೆ ವಿಮೆಯವರ ಪಾಲಿಗೆ ಇಲ್ಲದ ಕಾಯಿಲೆಯೇ.

ನಮ್ಮ ಮನೆಗಳಲ್ಲಂತೂ ಇದು ಕಾಯಿಲೆ ಎಂದು ಯಾರಿಗೂ ಹೊಳೆಯುವುದಿಲ್ಲ. ಊಟಕ್ಕೆ ಕೂತಾಗ ಇನ್ನೊಂದು ಹಾಕಿಸಿಕೋ ಎಂದು ಒತ್ತಾಯಿಸುವವರೂ ನಾವೇ, ಮೈ ಬಂದಾಗ ಸ್ವಲ್ಪ ಬಾಯಿ ಕಟ್ಟಬಾರದೆ ಎನ್ನುವವರೂ ನಾವೇ. ಊರಿನಿಂದ ಬಂದ ಕೋಡುಬಳೆಯ ಡಬ್ಬವನ್ನು ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಯ ದೀಪ ಹಾಕದೆ ಖಾಲಿ ಮಾಡಿ, ಬೆಳಗಾಗುವುದರೊಳಗೆ ಡಬ್ಬವನ್ನು ತೊಳೆದು ಕವುಚಿಟ್ಟವರು ವೈದ್ಯರ ಮುಂದೆ ಹೇಳುವುದು ಒಂದೇ ಮಾತು: ತೂಕ ಹೆಚ್ಚಾಗಿದೆ ಡಾಕ್ಟರೇ. ವೈದ್ಯರು ಬರೆದುಕೊಳ್ಳುವುದೂ ಅದನ್ನೇ. ಈ ಒಂದು ಸಾಲು ಮುಂದೆ ಎಷ್ಟು ದುಬಾರಿಯಾಗುತ್ತದೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಆಫ್-ಲೇಬಲ್ ಎಂಬ ಪದವನ್ನು ಕೇಳಿದ ಕೂಡಲೇ ಅನೇಕರು ಇದೇನೋ ಕಳ್ಳ ಔಷಧಿ ಎಂದುಕೊಳ್ಳುತ್ತಾರೆ. ಹಾಗಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಂದು ಔಷಧಿಗೆ ಒಪ್ಪಿಗೆ ಕೊಡುವಾಗ ಅದು ಯಾವ ರೋಗಕ್ಕೆ, ಯಾವ ವಯಸ್ಸಿನವರಿಗೆ, ಎಷ್ಟು ಪ್ರಮಾಣದಲ್ಲಿ ಎಂಬುದನ್ನು ಲೇಬಲ್‌ನಲ್ಲಿ ಬರೆಸುತ್ತದೆ. ಆ ಲೇಬಲ್ ಕಟ್ಟುಹಾಕುವುದು ಕಂಪನಿಯ ಬಾಯಿಯನ್ನು; ಬರೆಯದ ರೋಗಕ್ಕೆ ಅದು ಪ್ರಚಾರ ಮಾಡುವಂತಿಲ್ಲ. ವೈದ್ಯರ ಲೇಖನಿಯನ್ನು ಅದು ಕಟ್ಟುಹಾಕುವುದಿಲ್ಲ. 2006ರಲ್ಲಿ ಪ್ರಕಟವಾದ, ಇಂದಿಗೂ ಎಲ್ಲರೂ ಉಲ್ಲೇಖಿಸುವ ಒಂದು ಅಧ್ಯಯನದ ಪ್ರಕಾರ ಸಾಮಾನ್ಯ ಔಷಧಿಗಳ ಚೀಟಿಗಳಲ್ಲಿ ಸುಮಾರು ಶೇಕಡಾ 21ರಷ್ಟು ಆಫ್-ಲೇಬಲ್ ಬಳಕೆಗಳು. ಅದೇ ಅಧ್ಯಯನ, ಅಂಥ ಬಳಕೆಗಳಲ್ಲಿ ಬಹುಪಾಲಿಗೆ ಗಟ್ಟಿ ವೈಜ್ಞಾನಿಕ ಆಧಾರ ಇರಲಿಲ್ಲ ಎಂದೂ ಹೇಳಿತು. ಆದ್ದರಿಂದ ವಿಮೆಯವರು ಕೇಳುವ ಪ್ರಶ್ನೆ ಅನ್ಯಾಯದ್ದು ಎಂದು ನಾನು ಹೇಳುವುದಿಲ್ಲ. ಆ ಪ್ರಶ್ನೆಯನ್ನು ಅವರು ಯಾವಾಗ ಕೇಳುತ್ತಾರೆ ಎಂಬುದರ ಬಗ್ಗೆ ಮಾತ್ರ ನನ್ನ ತಕರಾರು.

ಬಿಂಜ್ ಈಟಿಂಗ್‌ಗೆಂದೇ ಎಫ್‌ಡಿಎಯ ಒಪ್ಪಿಗೆ ಪಡೆದಿರುವ ಔಷಧಿ ಲಿಸ್‌ಡೆಕ್ಸ್‌ಆಂಫೆಟಮೀನ್ ಒಂದೇ; ವೈವಾನ್ಸ್ ಎಂಬ ಹೆಸರಿನಲ್ಲಿ 2007ರಿಂದ ಗಮನ ನಿಲ್ಲದ ಕಾಯಿಲೆಯಾದ ಎಡಿಎಚ್‌ಡಿಗೆ ಬಳಕೆಯಲ್ಲಿದ್ದ ಇದಕ್ಕೆ 2015ರ ಜನವರಿಯಲ್ಲಿ, ಮಧ್ಯಮದಿಂದ ತೀವ್ರ ಹಂತದ ಕಾಯಿಲೆಯಿರುವ ವಯಸ್ಕರಿಗೆಂದು, ಈ ಒಪ್ಪಿಗೆ ಸಿಕ್ಕಿತು. ದಿನಕ್ಕೆ 30 ಮಿಲಿಗ್ರಾಂನಿಂದ ಆರಂಭಿಸಿ 50ರಿಂದ 70ರವರೆಗೆ ಏರಿಸುತ್ತಾರೆ. ಇದು ಉತ್ತೇಜಕ ಔಷಧಿ, ದುರ್ಬಳಕೆಯ ಭಯವಿರುವುದರಿಂದ ಕಟ್ಟುನಿಟ್ಟಾಗಿ ನಿಯಂತ್ರಿಸುವ ಔಷಧಿಗಳ ಎರಡನೆಯ ಶೆಡ್ಯೂಲಿಗೆ ಸೇರಿದ್ದು. ಪ್ರತಿ ಸಲವೂ ಹೊಸ ಚೀಟಿ ಬೇಕು. ಗಂಭೀರ ಹೃದಯರೋಗವಿದ್ದವರಿಗೆ, ಹಿಂದೆ ಚಟಕ್ಕೆ ಬಿದ್ದು ಎದ್ದವರಿಗೆ ಇದನ್ನು ಕೊಡಲು ವೈದ್ಯರು ಹಿಂಜರಿಯುತ್ತಾರೆ. ಇನ್ನು ಕೆಲವರಿಗೆ ನಿದ್ದೆಯೇ ಹತ್ತುವುದಿಲ್ಲ. ಅಂಥವರಿಗೆ ಉಳಿಯುವುದೆಲ್ಲ ಆಫ್-ಲೇಬಲ್: ಬುಲಿಮಿಯಾಗೆ ಒಪ್ಪಿಗೆಯಿದ್ದು ಇದಕ್ಕಿಲ್ಲದ ಫ್ಲೂಆಕ್ಸೆಟಿನ್ ಮತ್ತು ಅದರ ಬಳಗದ ಖಿನ್ನತೆಯ ಔಷಧಿಗಳು, ಅಪಸ್ಮಾರ ಮತ್ತು ಮೈಗ್ರೇನ್‌ಗೆ ಕೊಡುವ ಟೋಪಿರಮೇಟ್, ನಾಲ್ಟ್ರೆಕ್ಸೋನ್ ಮತ್ತು ಬುಪ್ರೊಪಿಯಾನ್ ಕೂಡಿಸಿದ, 2014ರಲ್ಲಿ ತೂಕ ಇಳಿಸಲೆಂದು ಒಪ್ಪಿಗೆ ಪಡೆದ ಕಾಂಟ್ರೇವ್, ಈಚೆಗೆ ತೂಕ ಇಳಿಸುವ ಚುಚ್ಚುಮದ್ದೆಂದು ಎಲ್ಲರ ಬಾಯಲ್ಲಿರುವ ಸೆಮಾಗ್ಲುಟೈಡ್. ಅಮೆರಿಕದ ಮನೋವೈದ್ಯರ ಸಂಘದ 2023ರ ಮಾರ್ಗಸೂಚಿ ಮೊದಲ ಸ್ಥಾನವನ್ನು ಮಾತಿನ ಚಿಕಿತ್ಸೆಗೆ ಕೊಡುತ್ತದೆ. ಅದರಿಂದ ಗುಣವಾಗದಿದ್ದವರಿಗೆ ಅಥವಾ ಔಷಧಿಯೇ ಬೇಕೆನ್ನುವವರಿಗೆ ಖಿನ್ನತೆಯ ಔಷಧಿ ಇಲ್ಲವೇ ಲಿಸ್‌ಡೆಕ್ಸ್‌ಆಂಫೆಟಮೀನ್ ಕೊಡಬಹುದು ಎನ್ನುತ್ತದೆ. ಅಂದರೆ ಅಲ್ಲಿ ಸೂಚಿಸಿರುವ ಎರಡು ದಾರಿಗಳಲ್ಲಿ ಒಂದು ಆಫ್-ಲೇಬಲ್ ದಾರಿಯೇ.

ಈಗ ಔಷಧಿ ಅಂಗಡಿಯ ಕೌಂಟರಿಗೆ ಬನ್ನಿ. ನೀವು ಚೀಟಿ ಕೊಟ್ಟಾಗ ಅಲ್ಲಿಯವರು ವಿಮೆಯವರಿಗೆ ಹಣ ಕೇಳುವ ಕ್ಲೇಮ್ ಕಳಿಸುತ್ತಾರೆ, ಕೆಲವೇ ಸೆಕೆಂಡುಗಳಲ್ಲಿ ಉತ್ತರ ಬರುತ್ತದೆ. ಆ ಕ್ಲೇಮಿನಲ್ಲಿ ಔಷಧಿಯ ಸಂಖ್ಯೆ, ಎಷ್ಟು ಮಾತ್ರೆ, ಎಷ್ಟು ದಿನಕ್ಕೆ, ಬರೆದ ವೈದ್ಯರು ಯಾರು ಎಂಬುದೆಲ್ಲ ಇರುತ್ತದೆ. ಸಾಮಾನ್ಯವಾಗಿ ಇಲ್ಲದಿರುವುದು ಒಂದೇ: ಕಾಯಿಲೆ ಯಾವುದು ಎಂಬುದು. ಹಾಗಾಗಿ ಜೆನೆರಿಕ್, ಅಂದರೆ ಬ್ರ್ಯಾಂಡ್ ಹೆಸರಿಲ್ಲದೆ ಅಗ್ಗವಾಗಿ ಸಿಗುವ, ಟೋಪಿರಮೇಟ್‌ನ ಚೀಟಿ ಅಪಸ್ಮಾರದ್ದೋ, ತಲೆನೋವಿನದ್ದೋ, ಬಿಂಜ್ ಈಟಿಂಗ್‌ನದ್ದೋ ಎಂದು ಯಾರೂ ಕೇಳದೆ ದಾಟಿಹೋಗುತ್ತದೆ. ಫ್ಲೂಆಕ್ಸೆಟಿನ್ ಕೂಡ ಹಾಗೆಯೇ. ಹೆಚ್ಚಾಗಿ ಔಷಧಿ ದುಬಾರಿಯಾದಾಗಲೇ ಪರದೆಯ ಮೇಲೆ ಪೂರ್ವಾನುಮತಿ ಬೇಕು ಎಂಬ ಸಾಲು ಮೂಡುತ್ತದೆ, ಅರ್ಜಿಯ ನಮೂನೆ ವೈದ್ಯರ ಕಚೇರಿಗೆ ಹೋಗುತ್ತದೆ, ಆ ನಮೂನೆಯಲ್ಲಿ ಮೊಟ್ಟಮೊದಲ ಬಾರಿಗೆ ಯಾವ ಕಾಯಿಲೆಗೆ ಎಂಬ ಪ್ರಶ್ನೆ ಏಳುತ್ತದೆ. ಆಫ್-ಲೇಬಲ್ ಎಂಬುದು ಔಷಧಿಯ ಗುಣದಂತೆ ಕಾಣುತ್ತದೆ. ಕೌಂಟರಿನಲ್ಲಿ ಅದನ್ನು ಎಬ್ಬಿಸುವುದು ಬೆಲೆ. ನಾನು ವರ್ಷಗಟ್ಟಲೆ ಆ ಮೇಜಿನಲ್ಲಿ ಕೂತಿದ್ದೆ, ಹತ್ತು ಡಾಲರಿನ ಮಾತ್ರೆಯೊಂದರ ವೈಜ್ಞಾನಿಕ ಆಧಾರವನ್ನು ಕೇಳಿ ಎಂದು ನನಗೆ ಯಾರೂ ಹೇಳಲಿಲ್ಲ.

ಬಿಂಜ್ ಈಟಿಂಗ್‌ನವರಿಗೆ ಇದರ ಮೇಲೆ ಇನ್ನೊಂದು ಬೀಗ ಇದೆ, ಅದು ತೂಕದ ಬೀಗ. ನಮ್ಮಲ್ಲಿ ಹಸಿರು ಕಾರ್ಡಿನ ಮೇಲೆ ಬಂದು ನೆಲೆಸಿದ ತಂದೆತಾಯಿಗಳು ಮುಂದೆ ಸೇರಿಕೊಳ್ಳುವ, ಹಿರಿಯರ ಸರ್ಕಾರಿ ವಿಮೆಯ ಔಷಧಿ ಭಾಗವಾದ ಮೆಡಿಕೇರ್ ಪಾರ್ಟ್ ಡಿಯನ್ನೇ ನೋಡಿ. 2003ರ ಕಾಯಿದೆಯಿಂದ ಹುಟ್ಟಿ 2006ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ, ತೂಕ ಇಳಿಸಲು ಅಥವಾ ಏರಿಸಲು ಬಳಸುವ ಔಷಧಿಗಳು ಶಾಸನದಲ್ಲಿಯೇ ಹೊರಗೆ. ಬಾಯಿ ಕಟ್ಟು ಎಂಬ ನಮ್ಮ ಅಜ್ಜಿಯ ಮಾತನ್ನೇ ಕಾನೂನಿನ ಭಾಷೆಯಲ್ಲಿ ಬರೆದಂತಿದೆ. ಅದೇ ಶಾಸನದಲ್ಲಿ ಇನ್ನೊಂದು ನಿಯಮ: ಔಷಧಿಯನ್ನು ಬಳಸುವ ಕಾಯಿಲೆಗೆ ಎಫ್‌ಡಿಎಯ ಒಪ್ಪಿಗೆ ಇರಬೇಕು, ಇಲ್ಲವೇ ಎಎಚ್‌ಎಫ್‌ಎಸ್ ಅಥವಾ ಡ್ರಗ್‌ಡೆಕ್ಸ್‌ನಂಥ ಗೊತ್ತುಪಡಿಸಿದ ಆಕರಗ್ರಂಥಗಳ ಬೆಂಬಲ ಇರಬೇಕು. ಎರಡೂ ಇಲ್ಲದಿದ್ದರೆ, ವೈದ್ಯರು ಎಷ್ಟೇ ಪುಟ ಬರೆದರೂ, ವೈದ್ಯಪತ್ರಿಕೆಯಲ್ಲಿ ಎಷ್ಟೇ ಒಳ್ಳೆಯ ಲೇಖನ ಬಂದಿದ್ದರೂ ಯೋಜನೆ ಹಣ ಕೊಡುವಂತಿಲ್ಲ. ಕ್ಯಾನ್ಸರ್ ಔಷಧಿಗಳಿಗೆ ಈ ಬಾಗಿಲು ಇನ್ನಷ್ಟು ಅಗಲವಾಗಿದೆ, ಹೆಚ್ಚು ಗ್ರಂಥಗಳ ಆಧಾರ ನಡೆಯುತ್ತದೆ. ತಿನ್ನುವ ಕಾಯಿಲೆಗಳಿಗೆ ಆ ರಿಯಾಯಿತಿ ಇಲ್ಲ. ಹಾಗೆಂದು ಎಲ್ಲವೂ ಔಷಧಿಯ ಮೇಲೆಯೇ ನಿಂತಿದೆ ಎಂದಲ್ಲ: 2024ರ ಮಾರ್ಚ್‌ನಲ್ಲಿ, ತೂಕ ಇಳಿಸಲೆಂದು ಕೊಡುವ ಸೆಮಾಗ್ಲುಟೈಡ್‌ನ ವೆಗೋವಿ ಚುಚ್ಚುಮದ್ದಿಗೆ ಹೃದಯಾಘಾತದ ಅಪಾಯ ಕಡಿಮೆ ಮಾಡುವ ಉದ್ದೇಶಕ್ಕೂ ಎಫ್‌ಡಿಎ ಒಪ್ಪಿಗೆ ಸಿಕ್ಕಿದ ಮೇಲೆ, ಆ ಉದ್ದೇಶಕ್ಕಾದರೆ ಪಾರ್ಟ್ ಡಿ ಯೋಜನೆಗಳು ಹಣ ಕೊಡಬಹುದು ಎಂದಾಯಿತು. ಅದೇ ಸೂಜಿ, ಅದೇ ದ್ರವ. ಕಾಗದದ ಮೇಲಿನ ಉದ್ದೇಶ ಮಾತ್ರ ಬೇರೆ.

ನಮ್ಮಲ್ಲಿ ಹೆಚ್ಚಿನವರದ್ದು ಕಂಪನಿ ಕೊಡುವ ವಿಮೆ. ದೊಡ್ಡ ಕಂಪನಿಗಳಲ್ಲಿ ಬಹಳಷ್ಟು ಸಲ ವಿಮಾ ಸಂಸ್ಥೆಯ ಹೆಸರು ಕಾರ್ಡಿನ ಮೇಲಷ್ಟೇ ಇರುತ್ತದೆ, ಹಣ ಕಂಪನಿಯದ್ದು; ಅಂಥ ಯೋಜನೆಗಳಿಗೆ ಎರಿಸಾ ಎಂಬ 1974ರ ಫೆಡರಲ್ ಕಾಯಿದೆ ಅನ್ವಯಿಸುತ್ತದೆ, ನಿಮ್ಮ ರಾಜ್ಯದ ವಿಮಾ ಕಾನೂನು ಅನ್ವಯಿಸುವುದಿಲ್ಲ. ರಾಜ್ಯ ಸರ್ಕಾರಕ್ಕೆ ದೂರು ಬರೆದು ತಿಂಗಳುಗಟ್ಟಲೆ ಕಾದವರು ಇದನ್ನು ತಡವಾಗಿ ತಿಳಿದಿದ್ದಾರೆ. ನಿಮ್ಮದು ಯಾವ ಬಗೆಯ ಯೋಜನೆ ಎಂದು ಎಚ್‌ಆರ್‌ನವರನ್ನು ಕೇಳುವುದಕ್ಕೆ ಕಾಯಿಲೆ ಏನೆಂದು ಹೇಳಬೇಕಾಗಿಲ್ಲ.

ನನಗೆ ಪರಿಚಯದ ಒಬ್ಬರ ಪ್ರಕರಣ ಹೇಳುತ್ತೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ. ನಲವತ್ತರ ಆಸುಪಾಸಿನ ಹೆಣ್ಣುಮಗಳು, ಸಾಫ್ಟ್‌ವೇರ್ ಕೆಲಸ. ಲಿಸ್‌ಡೆಕ್ಸ್‌ಆಂಫೆಟಮೀನ್ ಆರಂಭಿಸಿದರು, ತಿನ್ನುವುದು ಇಳಿಯಿತು, ರಾತ್ರಿಯ ನಿದ್ದೆಯೂ ಹೋಯಿತು. ವೈದ್ಯರು ಟೋಪಿರಮೇಟ್‌ಗೆ ಬದಲಾಯಿಸಿದರು. ಇದರ ಬಗ್ಗೆ 2003ರಲ್ಲಿಯೇ 61 ರೋಗಿಗಳ ಮೇಲೆ 14 ವಾರ ನಡೆದ ಪ್ರಯೋಗದ ಫಲಿತಾಂಶ ಪ್ರಕಟವಾಗಿದೆ, ಫಲವೂ ಚೆನ್ನಾಗಿಯೇ ಇತ್ತು. ಆದರೆ ಈ ಮಾತ್ರೆಗೆ ಮಾತು ತಡಕಾಡಿಸುವ ಗುಣವಿದೆ. ಮೀಟಿಂಗಿನಲ್ಲಿ ನಿಂತು ಸರ್ವರ್ ಎಂಬ ಪದ ನೆನಪಾಗದೆ, ಅದು, ಆ ಪೆಟ್ಟಿಗೆ ಎಂದು ಕೈಯಲ್ಲಿ ತೋರಿಸಬೇಕಾಯಿತು ಎಂದು ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ. ಆಮೇಲೆ ವೈದ್ಯರು ಬರೆದದ್ದು ಕಾಂಟ್ರೇವ್.

ನಿರಾಕರಣೆ ಪತ್ರ ಬಂತು. ಎರಡು ಪುಟ, ಮುಖ್ಯವಾದದ್ದು ಎರಡು ಸಾಲು. ತೂಕ ಇಳಿಸುವ ಔಷಧಿಗಳು ಈ ಯೋಜನೆಯಿಂದ ಹೊರಗೆ ಎಂಬುದು ಒಂದು. ಈ ಔಷಧಿ ಬುಲಿಮಿಯಾ ಇದ್ದವರಿಗೆ ನಿಷಿದ್ಧ ಎಂಬುದು ಇನ್ನೊಂದು. ಎರಡನೆಯದು ಶುದ್ಧ ತಪ್ಪು ತಿಳಿವಳಿಕೆ. ಬುಲಿಮಿಯಾ ಮತ್ತು ಊಟವನ್ನೇ ಬಿಡುವ ಅನೊರೆಕ್ಸಿಯಾ ಇದ್ದವರಲ್ಲಿ ಬುಪ್ರೊಪಿಯಾನ್‌ನಿಂದ ಫಿಟ್ಸ್ ಬರುವ ಅಪಾಯ ಹೆಚ್ಚು ಎಂಬ ಎಚ್ಚರಿಕೆ ಲೇಬಲ್‌ನಲ್ಲಿದೆ ನಿಜ, ಇವರ ಕಾಯಿಲೆ ಅದಲ್ಲ. ಮೊದಲನೆಯದು ಎಲ್ಲಿಂದ ಬಂತು ಎಂದು ನೋಡಿದರೆ, ವೈದ್ಯರ ಕಚೇರಿ ಕಳಿಸಿದ ನಮೂನೆಯಲ್ಲಿ ಕಾಯಿಲೆಯ ಜಾಗದಲ್ಲಿ ಇದ್ದದ್ದು ಎಫ್50.81 ಅಲ್ಲ, ಬೊಜ್ಜಿನ ಸಂಕೇತವಾದ ಇ66. ತೂಕ ಹೆಚ್ಚಾಗಿದೆ ಡಾಕ್ಟರೇ ಎಂಬ ಹಳೆಯ ಸಾಲು ಕಡತದಿಂದ ನೇರವಾಗಿ ಇಳಿದು ಅಲ್ಲಿ ಕೂತಿತ್ತು.

ಮೇಲ್ಮನವಿಗೆ 180 ದಿನ ಇರುತ್ತದೆ. ಇನ್ನೂ ಆರಂಭಿಸದ ಚಿಕಿತ್ಸೆಯಾದರೆ 30 ದಿನದೊಳಗೆ, ತುರ್ತಾದರೆ 72 ಗಂಟೆಯೊಳಗೆ ಅವರು ಉತ್ತರ ಕೊಡಬೇಕು. ನಿಮ್ಮ ಕಡತವನ್ನೂ, ಯಾವ ಮಾನದಂಡ ಹಿಡಿದು ನಿರಾಕರಿಸಿದರು ಎಂಬುದನ್ನೂ ಕೇಳಿದರೆ ಅವರು ಹಣ ತೆಗೆದುಕೊಳ್ಳದೆ ಕೊಡಬೇಕು. ಇದನ್ನು ಕೇಳದೆ ಮೇಲ್ಮನವಿ ಬರೆಯುವುದು ಪ್ರಶ್ನೆಪತ್ರಿಕೆ ನೋಡದೆ ಉತ್ತರ ಬರೆದಂತೆ. ಈ ಬಾರಿ ವೈದ್ಯರ ಪತ್ರದಲ್ಲಿ ತೂಕದ ಮಾತು ಇರಲಿಲ್ಲ. ವಾರಕ್ಕೆ ಎಷ್ಟು ಸಲ ಹತೋಟಿ ತಪ್ಪುತ್ತದೆ, ಎಂದಿನಿಂದ, ಮಾತಿನ ಚಿಕಿತ್ಸೆ ಎಷ್ಟು ವಾರ ನಡೆಯಿತು, ಮೊದಲ ಎರಡು ಔಷಧಿಗಳನ್ನು ಯಾವ ಪ್ರಮಾಣದಲ್ಲಿ ಎಷ್ಟು ದಿನ ಕೊಟ್ಟು ಏಕೆ ನಿಲ್ಲಿಸಲಾಯಿತು, ಇದು ಬುಲಿಮಿಯಾ ಏಕಲ್ಲ ಎಂಬುದಿತ್ತು. ಜೊತೆಗೆ ಇನ್ನೊಂದು ವಾದ: 2008ರ ಮಾನಸಿಕ ಆರೋಗ್ಯ ಸಮಾನತೆಯ ಕಾಯಿದೆ ಮನಸ್ಸಿನ ಕಾಯಿಲೆಗೆ ದೇಹದ ಕಾಯಿಲೆಗಿಂತ ಬಿಗಿಯಾದ ಷರತ್ತು ಹಾಕಬಾರದು ಎನ್ನುತ್ತದೆ, ತಿನ್ನುವ ಕಾಯಿಲೆಗಳ ಚಿಕಿತ್ಸೆಗೂ ಅದು ಅನ್ವಯಿಸುತ್ತದೆ ಎಂದು 2016ರ ಕ್ಯೂರ್ಸ್ ಕಾಯಿದೆ ಬಿಡಿಸಿ ಹೇಳಿದೆ. (ಭಾರತದ 2017ರ ಮಾನಸಿಕ ಆರೋಗ್ಯ ಕಾಯಿದೆಯ 21ನೆಯ ಕಲಮೂ ವಿಮೆಯ ವಿಷಯದಲ್ಲಿ ಇದೇ ಸಮಾನತೆಯನ್ನು ಹೇಳುತ್ತದೆ, ಆದರೆ ಅಲ್ಲಿನ ಪಾಲಿಸಿಗಳು ಬಹುಮಟ್ಟಿಗೆ ಆಸ್ಪತ್ರೆಗೆ ಸೇರಿದಾಗಿನ ಖರ್ಚಿನವಾದ್ದರಿಂದ ಅಂಗಡಿಯಿಂದ ಕೊಳ್ಳುವ ಮಾತ್ರೆಗೆ ಅದು ತಲುಪುವುದು ಅಪರೂಪ.)

ಬುಲಿಮಿಯಾದ ಆಕ್ಷೇಪವನ್ನು ಅವರು ಹಿಂದಕ್ಕೆ ತೆಗೆದುಕೊಂಡರು. ತೂಕದ ಆಕ್ಷೇಪವನ್ನು ಬಿಡಲಿಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ, ದಯವಿಟ್ಟು ಗಮನಿಸಿ. ವೈದ್ಯಕೀಯವಾಗಿ ಅಗತ್ಯವಿಲ್ಲ ಅಥವಾ ಇದು ಪ್ರಾಯೋಗಿಕ ಚಿಕಿತ್ಸೆ ಎಂದು ನಿರಾಕರಿಸಿದರೆ, ಅದು ವೈದ್ಯಕೀಯ ತೀರ್ಮಾನ. ನಾಲ್ಕು ತಿಂಗಳೊಳಗೆ ಹೊರಗಿನ ಸ್ವತಂತ್ರ ಪರಿಶೀಲನೆಗೆ ಒಯ್ಯಬಹುದು, ಅಲ್ಲಿ ಬಂದ ತೀರ್ಪಿಗೆ ಯೋಜನೆ ತಲೆಬಾಗಬೇಕು. ಯೋಜನೆಯ ಒಪ್ಪಂದದಲ್ಲಿಯೇ ಇಲ್ಲ ಎಂದು ನಿರಾಕರಿಸಿದರೆ, ಫೆಡರಲ್ ನಿಯಮದ ಹೊರಗಿನ ಪರಿಶೀಲನೆಗೆ ಸಾಮಾನ್ಯವಾಗಿ ಅವಕಾಶವೇ ಇಲ್ಲ. ಸಮಾನತೆಯ ಕಾಯಿದೆಯಡಿ ಕಾರ್ಮಿಕ ಇಲಾಖೆಗೆ ದೂರು ಕೊಡಬೇಕು, ಇಲ್ಲವೇ ಕೋರ್ಟಿಗೆ ಹೋಗಬೇಕು. ಆ ಪತ್ರದ ಒಂದು ಪದ ನಿಮ್ಮನ್ನು ಯಾವ ದಾರಿಗೆ ಹಚ್ಚುತ್ತದೆ ಎಂಬುದನ್ನು ಪತ್ರ ಬರೆದವರು ಚೆನ್ನಾಗಿ ಬಲ್ಲರು.

ಆಕೆ ಕೋರ್ಟಿಗೆ ಹೋಗಲಿಲ್ಲ. ಕಾಂಟ್ರೇವ್‌ನಲ್ಲಿ ಇರುವುದು ನಾಲ್ಟ್ರೆಕ್ಸೋನ್ ಮತ್ತು ಬುಪ್ರೊಪಿಯಾನ್ ಎಂದು ಆಗಲೇ ಹೇಳಿದೆನಲ್ಲ. ಒಂದು ಮದ್ಯದ ಚಟಕ್ಕೆ, ಇನ್ನೊಂದು ಖಿನ್ನತೆಗೆ ಬಹಳ ಕಾಲದಿಂದ ಇರುವ ಔಷಧಿಗಳು, ಎರಡೂ ಜೆನೆರಿಕ್ ಆಗಿ ಸಿಗುತ್ತವೆ. ಮಾತ್ರೆಯ ಪ್ರಮಾಣ ಮಾತ್ರ ಸ್ವಲ್ಪ ಬೇರೆ, ಅದನ್ನು ಹೊಂದಿಸುವುದು ವೈದ್ಯರ ಕೆಲಸ. ಅವರ ವೈದ್ಯರು ಎರಡು ಪ್ರತ್ಯೇಕ ಚೀಟಿ ಬರೆದರು. ಬಿಂಜ್ ಈಟಿಂಗ್‌ಗೆ ಎರಡೂ ಆಫ್-ಲೇಬಲ್. ಐದು ತಿಂಗಳ ಪತ್ರವ್ಯವಹಾರದ ನಂತರ ಒಂದು ಮಧ್ಯಾಹ್ನ ಎರಡೂ ಕ್ಲೇಮ್‌ಗಳು ಅಂಗಡಿಯ ಕಂಪ್ಯೂಟರಿನಿಂದ ಹೋದವು, ಎರಡಕ್ಕೂ ಒಪ್ಪಿಗೆ ಬಂತು. ಯಾವ ಕಾಯಿಲೆಗೆ ಎಂದು ಯಾರೂ ಕೇಳಲಿಲ್ಲ.