ಎಣಿಕೆಯ ಮೇಲೊಂದು ಎಣಿಕೆ

ಕೇಳುಗರಿಗೆ ನಮಸ್ಕಾರ.

1986ರ ಫೆಬ್ರವರಿ 7ರಂದು ಫಿಲಿಪ್ಪೀನ್ಸಿನಲ್ಲಿ ಅಧ್ಯಕ್ಷ ಚುನಾವಣೆ ನಡೆಯಿತು. ಚುನಾವಣಾ ಆಯೋಗದ ಲೆಕ್ಕದಲ್ಲಿ ಆಗಿನ ಅಧ್ಯಕ್ಷ ಮಾರ್ಕೋಸ್ ಮುಂದಿದ್ದರು. ನಾಮ್‌ಫ್ರೆಲ್ ಎಂಬ ನಾಗರಿಕ ಸಂಘಟನೆಯ ಲೆಕ್ಕದಲ್ಲಿ ಅವರ ಎದುರಾಳಿ ಕೊರಜಾನ್ ಅಕಿನೊ ಮುಂದಿದ್ದರು. ಎರಡೇ ದಿನಗಳಲ್ಲಿ ಆಯೋಗದ ಕಂಪ್ಯೂಟರ್ ಸಿಬ್ಬಂದಿ, ತಾವು ದಾಖಲಿಸಿದ ಅಂಕಿಗೂ ಫಲಕದ ಮೇಲಿನ ಅಂಕಿಗೂ ತಾಳೆಯಾಗುತ್ತಿಲ್ಲವೆಂದು ಎದ್ದು ಹೊರನಡೆದರು. ಆ ತಿಂಗಳ 25ರಂದು ಮಾರ್ಕೋಸ್ ದೇಶ ಬಿಟ್ಟರು.

ಕುಂಟುತ್ತಿರುವ ಪ್ರಜಾಪ್ರಭುತ್ವದಲ್ಲಿ ನಾಗರಿಕ ಸಂಘಟನೆಗಳ ಕೆಲಸವೆಂದರೆ ಮೆರವಣಿಗೆ, ಧರಣಿಗಳೇ ನೆನಪಾಗುತ್ತವೆ. ಮತಗಟ್ಟೆಯಲ್ಲಿ ಕೂತು ಅಂಕಿ ಬರೆದುಕೊಳ್ಳುವ ಕೆಲಸಕ್ಕೂ ಅಷ್ಟೇ ಧೈರ್ಯ ಬೇಕು. ಮತಗಟ್ಟೆಗಳ ಅಂಕಿಗಳನ್ನು ನಾಗರಿಕರೇ ಕೂಡಿಸಿ ಅಧಿಕೃತ ಮೊತ್ತಕ್ಕೆ ತಾಳೆ ನೋಡುವ, ಸಮಾನಾಂತರ ಮತ ಎಣಿಕೆ ಎನ್ನುವ ಆ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ಕೆಡುತ್ತದೆ ಎಂಬುದೇ ಇಂದಿನ ಮಾತು.

ನಾಮ್‌ಫ್ರೆಲ್ ಎಲ್ಲ ಮತಗಟ್ಟೆಗಳ ಲೆಕ್ಕ ಹಿಡಿಯಲು ಹೊರಟಿತ್ತು. ಸುಮಾರು 5 ಲಕ್ಷ ಸ್ವಯಂಸೇವಕರು ದುಡಿದರು. ಈಗ ಅಷ್ಟು ಜನ ಬೇಕಿಲ್ಲ. ಇಡೀ ದೇಶದ ಮತಗಟ್ಟೆಗಳ ಪಟ್ಟಿಯಿಂದ ಚೀಟಿ ಎತ್ತಿದಂತೆ 1,000ದಷ್ಟನ್ನು ಆರಿಸಿದರೂ ಸಾಮಾನ್ಯವಾಗಿ ಸಾಕು. ದೇಶ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಷ್ಟು ಮತಗಟ್ಟೆ ಆರಿಸಿದೆವು, ಅವು ಒಂದಕ್ಕೊಂದು ಎಷ್ಟು ಭಿನ್ನ ಎನ್ನುವುದೇ ಮುಖ್ಯ. ತಪ್ಪಿನ ಅಂತರ, ಅಂದರೆ ನಮ್ಮ ಅಂದಾಜು ಅತ್ತಿತ್ತ ಸರಿಯಬಹುದಾದ ಮಿತಿ, ಅರ್ಧಕ್ಕಿಳಿಯಬೇಕಾದರೆ ಮತಗಟ್ಟೆಗಳು ನಾಲ್ಕು ಪಟ್ಟಾಗಬೇಕು. ಚೀಟಿಯಲ್ಲಿ ಬಂದ ಬೆಟ್ಟದ ಊರನ್ನು ಬಿಟ್ಟು ರಸ್ತೆ ಪಕ್ಕದ ಊರಿಗೆ ಹೋದರೆ ಎಣಿಕೆ ಅಲ್ಲಿಗೇ ಕೆಟ್ಟಿತು. ಆಯ್ದ ಪಟ್ಟಿ ಗುಟ್ಟಾಗಿಯೂ ಇರಬೇಕು. ಬಯಲಾದರೆ ಆ ಮತಗಟ್ಟೆಗಳಷ್ಟೇ ಶುದ್ಧವಾಗಿ ನಡೆದು, ಮೋಸ ಬೇರೆ ಕಡೆಗೆ ಜಾರುತ್ತದೆ.

ವೀಕ್ಷಕರು ಬಾಗಿಲು ತೆರೆಯುವ ಮೊದಲೇ ಅಲ್ಲಿರಬೇಕು. ಖಾಲಿ ಪೆಟ್ಟಿಗೆ ನೋಡಿ, ಸೀಲಿನ ಸಂಖ್ಯೆ ಬರೆದುಕೊಂಡು, ಮತಗಟ್ಟೆಯಲ್ಲೇ ನಡೆಯುವ ಎಣಿಕೆ ಮುಗಿಯುವವರೆಗೆ ಜಾಗ ಬಿಡಬಾರದು. ಅಭ್ಯರ್ಥಿಗಳ ಮತಗಳಿಗೆ ತಿರಸ್ಕೃತ ಮತ ಕೂಡಿಸಿದರೆ ಪೆಟ್ಟಿಗೆಯಲ್ಲಿ ಸಿಕ್ಕ ಮತಪತ್ರಗಳ ಸಂಖ್ಯೆ ಬರಬೇಕು. ಬರದಿದ್ದರೆ ಸಂಘಟನೆಯ ಕೇಂದ್ರದಿಂದ ವೀಕ್ಷಕರಿಗೆ ತಕ್ಷಣ ಫೋನು ಹೋಗುತ್ತದೆ. ಅಂಕಿಗಳು ಸಂಕೇತದ ಎಸ್ಸೆಮ್ಮೆಸ್ಸಿನಲ್ಲಿ ಬರುತ್ತವೆ; ನೆಟ್‌ವರ್ಕ್ ಕೈಕೊಟ್ಟರೆ ಏನು ಮಾಡಬೇಕೆಂಬುದನ್ನು ಮೊದಲೇ ಗೊತ್ತುಮಾಡಿರಬೇಕು. ಮತದಾನಕ್ಕೆ ಕೆಲವು ದಿನ ಮುಂಚೆ ಇಡೀ ತಂಡ ಒಮ್ಮೆ ಪೂರ್ತಿ ತಾಲೀಮು ಮಾಡಲೇಬೇಕು. ಯಾರ ಫೋನು ಹತ್ತುವುದಿಲ್ಲ, ಯಾರು ಕಾಲಂ ತಪ್ಪಿಸುತ್ತಾರೆ ಎಂಬುದು ಆಗಲೇ ಗೊತ್ತಾಗುತ್ತದೆ.

ಹೆಚ್ಚಿನ ತಂಡಗಳು ಎಡವುವುದು ಅವಸರದಲ್ಲಿ. ಪಟ್ಟಣದ ವರದಿಗಳು ಮೊದಲು ಬರುತ್ತವೆ, ದೂರದ ಹಳ್ಳಿಗಳವು ತಡವಾಗಿ. ಎರಡರ ಒಲವು ಬೇರೆಯಾಗಿದ್ದರೆ ಮೊದಲ ಅಂಕಿ ದಾರಿ ತಪ್ಪಿಸುತ್ತದೆ. ಎಷ್ಟು ವರದಿ ಬಂದ ಮೇಲೆ, ಯಾವ ಪ್ರದೇಶವೂ ಬಾಕಿ ಉಳಿಯದಿದ್ದಾಗ ಪ್ರಕಟಿಸುತ್ತೇವೆ ಎಂಬ ನಿಯಮವನ್ನು ಚುನಾವಣೆಗೆ ಮುನ್ನವೇ ಬರೆದಿಟ್ಟು, ಆ ರಾತ್ರಿ ಯಾರು ಒತ್ತಾಯಿಸಿದರೂ ಮುರಿಯಬಾರದು.

ಘಾನಾದಲ್ಲಿ 2008ರ ಅಧ್ಯಕ್ಷ ಚುನಾವಣೆಯ ಎರಡನೆಯ ಸುತ್ತಿನಲ್ಲಿ ಗೆದ್ದವರಿಗೂ ಸೋತವರಿಗೂ ಅಂತರ ಸುಮಾರು 40,000 ಮತ. ಶೇಕಡಾ ಅರ್ಧಕ್ಕೂ ಕಡಿಮೆ. ಇಷ್ಟು ಸಣ್ಣ ಅಂತರದಲ್ಲಿ ಇಂಥವರೇ ಗೆದ್ದರು ಎನ್ನಲು ಆಯ್ದ ಮತಗಟ್ಟೆಗಳ ಎಣಿಕೆಗೆ ಅಧಿಕಾರವಿಲ್ಲ. ಅಧಿಕೃತ ಅಂಕಿ ನಮ್ಮ ಅಂದಾಜಿನ ಮಿತಿಯೊಳಗಿದೆ ಎಂದಷ್ಟೇ ಹೇಳಬಹುದು. ಸುಡುವ ಗಾಳಿಮಾತುಗಳ ನಡುವೆ ಆ ಒಂದು ವಾಕ್ಯ ಬಹಳ ದೊಡ್ಡದು.

ಕೀನ್ಯಾದಲ್ಲಿ 2017ರ ಆಗಸ್ಟಿನ ನಾಗರಿಕ ಎಣಿಕೆ ಅಧಿಕೃತ ಫಲಿತಾಂಶಕ್ಕೆ ಹೊಂದಿಕೆಯಾಗಿತ್ತು. ಆದರೂ ಸೆಪ್ಟೆಂಬರ್ 1ರಂದು ಅಲ್ಲಿನ ಸುಪ್ರೀಂ ಕೋರ್ಟ್ ಚುನಾವಣೆಯನ್ನೇ ರದ್ದು ಮಾಡಿತು. ಫಲಿತಾಂಶ ರವಾನೆಯಲ್ಲಿ ಕಾನೂನು ಪಾಲನೆಯಾಗಿರಲಿಲ್ಲ. ಮತದಾರರ ಪಟ್ಟಿಯಿಂದ ಕೈಬಿಟ್ಟ ಹೆಸರು, ಬೆದರಿ ಮನೆಯಲ್ಲೇ ಉಳಿದ ಮತದಾರ, ಇವು ಮೊತ್ತದಲ್ಲಿ ಕಾಣುವುದಿಲ್ಲ. ಹಾಗಾಗಿ ವೀಕ್ಷಕರ ಕೈಯಲ್ಲಿ ಪ್ರಕ್ರಿಯೆಯ ಲೋಪಗಳಿಗೆಂದೇ ಎರಡನೆಯ ನಮೂನೆ ಇರಬೇಕು.

2020ರಲ್ಲಿ ಮಲಾವಿಯ ನ್ಯಾಯಾಲಯ ಹಿಂದಿನ ವರ್ಷದ ಚುನಾವಣೆಯನ್ನು ರದ್ದುಪಡಿಸಿದಾಗ, ಫಲಿತಾಂಶದ ಹಾಳೆಗಳ ಮೇಲೆ ಅಂಕಿ ತಿದ್ದಲು ಬಳಿದ ಬಿಳಿ ಇಂಕೂ ಚರ್ಚೆಯಲ್ಲಿತ್ತು. ಫಲಿತಾಂಶದ ಪ್ರತಿಯನ್ನು ಮತಗಟ್ಟೆಯ ಬಾಗಿಲಿಗೆ ಅಂಟಿಸಬೇಕು ಎಂಬ ನಿಯಮ ಕಾನೂನಿನಲ್ಲಿ ಇಲ್ಲದಿದ್ದರೆ ಸಂಘಟನೆಗಳು ಅದಕ್ಕಾಗಿ ಒಂದು ವರ್ಷ ಮೊದಲೇ ಹೋರಾಡಬೇಕು. ಇದ್ದರೆ, ಎಲ್ಲರ ಸಹಿ ಬಿದ್ದ ಮೇಲೆ, ಹಾಳೆಯ ನಾಲ್ಕೂ ಮೂಲೆ ಮತ್ತು ಮತಗಟ್ಟೆಯ ಸಂಖ್ಯೆ ಕಾಣುವಂತೆ ಫೋಟೋ ತೆಗೆದು, ಅಲ್ಲಿಂದಲೇ ಕಳುಹಿಸಬೇಕು.