14 ಕಿಲೋಮೀಟರ್: ಶಾಸ್ತ್ರೀಜಿ ಮಕ್ಕಳನ್ನು ತಿದ್ದಿದ ಬಗೆ

ನಮಸ್ಕಾರ ಮಾರಾಯ್ರೆ. ನನ್ನ ಕೈಯಲ್ಲಿ ಉಂಟಲ್ಲ ಈ ಪುಸ್ತಕ, ಇದು ಲಾಗ್‌ಬುಕ್, ಹಂಪನಕಟ್ಟೆಯ ಒಂದು ಅಂಗಡಿಯಿಂದ ತಂದದ್ದು. ಒಳಗೆ ಬರೀ ಕಾಲಂ: ತಾರೀಕು, ಹೊರಟ ಜಾಗ, ಮುಟ್ಟಿದ ಜಾಗ, ಮೀಟರ್ ರೀಡಿಂಗ್, ಕೊನೆಗೆ ಸಹಿ. ನನ್ನ ಅಪ್ಪ ಸರ್ಕಾರಿ ಜೀಪಿನ ಡ್ರೈವರ್ ಆಗಿದ್ರು, ಸಂಜೆ ಬಾನೆಟ್ ಮೇಲೆ ಇಂಥದ್ದೇ ಪುಸ್ತಕ ಇಟ್ಟು ಬರೀತಿದ್ರು, ಮಳೆಗಾಲದಲ್ಲಿ ಪುಟ ಎಲ್ಲ ಥಂಡಿ ಹಿಡಿದು ಶಾಯಿ ಹರಡ್ತಿತ್ತು. ಆ ಜೀಪಲ್ಲಿ ನಾನು ಒಂದು ಸಲವೂ ಶಾಲೆಗೆ ಹೋದದ್ದಿಲ್ಲ, ಎಂಥ ಮಳೆ ಬಂದ್ರೂ ಕೊಡೆ ಹಿಡ್ಕೊಂಡು ನಡೆಯುವುದೇ. ಆಗ ಅಪ್ಪನ ಮೇಲೆ ತುಂಬ ಸಿಟ್ಟು ಬರ್ತಿತ್ತು. ದೊಡ್ಡವನಾದ ಮೇಲೆ ಲಾಲ್ ಬಹದ್ದೂರ್ ಶಾಸ್ತ್ರಿಯವರ ಮನೆಯ ಒಂದು ಸಂಗತಿ ಓದಿದೆ, ಅದೇ ಇವತ್ತಿನ ವಿಡಿಯೋ.

1964ರಲ್ಲಿ ಶಾಸ್ತ್ರೀಜಿ ಪ್ರಧಾನಿ ಆದ್ರು. ಓಡಾಡ್ಲಿಕ್ಕೆ ಸರ್ಕಾರದ ಶೆವ್ರೊಲೆ ಇಂಪಾಲಾ, ಹಡಗಿನ ಹಾಗಿನ ಗಾಡಿ. ಅವ್ರಿಗೆ ಆರು ಮಕ್ಕಳು, ನಾಲ್ಕು ಗಂಡು ಎರಡು ಹೆಣ್ಣು. ಹರೆಯದ ಹುಡುಗ್ರಿಗೆ ಅಂಥ ಕಾರು ಕಂಡ್ರೆ ಆಸೆ ಆಗ್ಲಿಕ್ಕಿಲ್ವಾ? ಒಂದು ದಿನ ಮಗ ಸುನಿಲ್ ಅಪ್ಪನಿಗೆ ಹೇಳದೆ ಅದನ್ನು ತಕೊಂಡು ಸುತ್ತಾಡ್ಲಿಕ್ಕೆ ಹೋದ್ರು, ವಾಪಸ್ ಬರುವಾಗ ರಾತ್ರಿ ಆಗಿತ್ತು. ಇದನ್ನು ಸುನಿಲ್ ಶಾಸ್ತ್ರಿಯವರೇ ಮುಂದೆ ಹೇಳ್ಕೊಂಡಿದ್ದಾರೆ.

ಮರುದಿನ ಶಾಸ್ತ್ರೀಜಿ ಡ್ರೈವರನ್ನು ಕರೆದು, ಲಾಗ್‌ಬುಕ್ ಇಡ್ತೀರಾ, ನಿನ್ನೆ ಗಾಡಿ ಎಷ್ಟು ಓಡಿತು ಅಂತ ಕೇಳಿದ್ರು. 14 ಕಿಲೋಮೀಟರ್. ಖಾಸಗಿ ಬಳಕೆ ಅಂತ ಬರೀರಿ ಅಂದ್ರು, ಅಷ್ಟರ ದುಡ್ಡು ಸರ್ಕಾರಕ್ಕೆ ಕಟ್ಲಿಕ್ಕೆ ಹೆಂಡತಿ ಲಲಿತಾ ಅವ್ರಿಗೆ ಹೇಳಿದ್ರು. ಅಷ್ಟೆ. ಅಲ್ಲಿಂದ ಮೇಲೆ ಮಕ್ಕಳು ಸ್ವಂತ ಕೆಲಸಕ್ಕೆ ಆ ಕಾರು ಮುಟ್ಲಿಲ್ಲ. ನಮ್ಮೂರಲ್ಲಿ ಆಗ ಇಂಥದ್ದಕ್ಕೆಲ್ಲ ನಾಗರಬೆತ್ತ ಬರ್ತಿತ್ತು, ಆದ್ರೆ ಬೆತ್ತದ ಉರಿ ಸಂಜೆಗೆ ಇಳೀತದೆ, ಮಗ ಮಾಡಿದ ತಪ್ಪಿಗೆ ಅಪ್ಪ ದುಡ್ಡು ಕಟ್ಟಿದ್ದು ಉಂಟಲ್ಲ, ಅದು ಇಳಿಯುವುದಿಲ್ಲ ಅಂತ ನನಗೆ ಅನ್ನಿಸ್ತದೆ.

ಹಾಗಂತ ಮಕ್ಕಳ ಆಸೆಗೆ ಅವ್ರು ಕಿವಿ ಮುಚ್ಕೊಂಡವರಲ್ಲ. ಹುಡುಗ್ರು ಶಾಲೆಗೆ ಹೋಗ್ತಿದ್ದದ್ದು ಟಾಂಗಾದಲ್ಲಿ, ಅಪ್ಪ ಪ್ರಧಾನಿ ಆದ ಮೇಲೆ ಮನೆಗೊಂದು ಕಾರು ಬೇಕು ಅಂತ ಹಠ ಶುರುವಾಯ್ತು. ಫಿಯೆಟ್‌ಗೆ ಸುಮಾರು 12,000 ರೂಪಾಯಿ, ಬ್ಯಾಂಕಲ್ಲಿದ್ದದ್ದು 7,000. ಉಳಿದ 5,000 ಪಂಜಾಬ್ ನ್ಯಾಷನಲ್ ಬ್ಯಾಂಕಲ್ಲಿ ಸಾಲ ಮಾಡಿದ್ರು, ದೇಶದ ಪ್ರಧಾನಿ ಮಾರಾಯ್ರೆ! 1966ರ ಜನವರಿ 11ಕ್ಕೆ ತಾಷ್ಕೆಂಟಲ್ಲಿ ತೀರಿಕೊಂಡಾಗ ಸಾಲ ಮುಗಿದಿರ್ಲಿಲ್ಲ, ಲಲಿತಾ ಅವ್ರು ಪಿಂಚಣಿಯಲ್ಲಿ ತೀರಿಸಿದ್ರು.

ಇನ್ನೊಂದು ಹೇಳ್ಲೇಬೇಕು. 1965, ಆ ಕಡೆ ಯುದ್ಧ, ಈ ಕಡೆ ದವಸಕ್ಕೆ ಬರ, ಅಮೆರಿಕದ ಗೋಧಿ ಯಾವಾಗ ನಿಲ್ತದೋ ಅನ್ನುವ ಭಯ. ವಾರಕ್ಕೊಂದು ಹೊತ್ತು ಊಟ ಬಿಡಿ ಅಂತ ಜನರಿಗೆ ಹೇಳುವ ಮೊದಲು ಅವ್ರು ಲಲಿತಾ ಅವ್ರ ಹತ್ರ, ಇವತ್ತು ರಾತ್ರಿ ಅಡುಗೆ ಮಾಡ್ಬೇಡ, ನಮ್ಮ ಮಕ್ಕಳು ಹಸಿದು ಇರ್ತಾರಾ ನೋಡುವ ಅಂದ್ರು. ಇದು ಇನ್ನೊಬ್ಬ ಮಗ ಅನಿಲ್ ಶಾಸ್ತ್ರಿ ಹೇಳಿದ್ದು. ಮಕ್ಕಳು ಹಸಿದೇ ಇದ್ರು. ಆಮೇಲೇ ದೇಶಕ್ಕೆ ಕರೆ ಹೋದದ್ದು, ಸೋಮವಾರ ಸಂಜೆ ಹೋಟೆಲ್‌ಗಳು ಸಹ ಬಾಗಿಲು ಹಾಕಿದ್ವು.

ಉಡುಪಿ ಹತ್ರ ನನ್ನ ಅಜ್ಜಿ ಮನೆಯಲ್ಲೂ ಸೋಮವಾರ ರಾತ್ರಿ ಒಲೆ ಹೊತ್ತುತ್ತಿರ್ಲಿಲ್ಲ. ದೇವರ ಒಪ್ಪತ್ತು ಇರ್ಬೇಕು ಅಂತ ನಾನು ಅಂದ್ಕೊಂಡಿದ್ದೆ. ಒಮ್ಮೆ ಕೇಳಿದ್ದಕ್ಕೆ ಅಜ್ಜಿ ಹೇಳಿದ್ರು, "ಶಾಸ್ತ್ರಿಗಳು ಬಿಡ್ಲಿಕ್ಕೆ ಹೇಳಿದ್ದು ಮಗಾ. ಇನ್ನು ಉಣ್ಬಹುದು ಅಂತ ಆಮೇಲೆ ಯಾರೂ ಬಂದು ಹೇಳ್ಲಿಲ್ಲ ಅಲ್ವಾ."