ತಮ್ಮನ ಕಣ್ಣೊಳಗೆ ಲೆನ್ಸ್: ಬಳ್ಳಾರಿ ವ್ಲಾಗ್

ಎಲ್ಲರಿಗೂ ನಮಸ್ಕಾರ. ಹಿಂದೆ ಕೇಳಿಸುತ್ತಿರುವ ಸದ್ದು ಹೊಲಿಗೆ ಮಷಿನ್‌ಗಳದ್ದು. ಇದು ಬಳ್ಳಾರಿಯಲ್ಲಿ ನನ್ನ ತಮ್ಮ ಕೆಲಸ ಮಾಡುವ ಜೀನ್ಸ್ ಯೂನಿಟ್. ಅವನ ಕನ್ನಡಕ ನೋಡಿ, ಮೈನಸ್ 11. ಬಟ್ಟೆಯೂ ಕಡುನೀಲಿ, ದಾರವೂ ಕಡುನೀಲಿ. ನಮ್ಮೂರಿನ ಬೇಸಿಗೆ ಗೊತ್ತಲ್ವಾ, ಬೆವರಿಗೆ ಕನ್ನಡಕ ಮೂಗಿನ ಮೇಲೆ ನಿಲ್ಲುವುದೇ ಇಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕಿದರೆ ಬಟ್ಟೆಯ ಧೂಳು ಹೋಗಿ ಕಣ್ಣು ಕೆಂಪಗಾಗುತ್ತದೆ. ಲೇಸರ್ ಮಾಡಿಸೋಣ ಅಂತ ಹೋದರೆ ಡಾಕ್ಟರ್ ಬೇಡ ಅಂದುಬಿಟ್ಟರು.

ಲೇಸರ್ ಕೆಲಸ ಮಾಡುವುದು ಕಣ್ಣಿನ ಮುಂದಿರುವ ಕಾರ್ನಿಯಾ ಮೇಲೆ. ಅದರ ದಪ್ಪ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ನಂಬರ್ ಜಾಸ್ತಿ ಇದ್ದಷ್ಟೂ ಜಾಸ್ತಿ ಕೆರೆಯಬೇಕು. ತೀರಾ ತೆಳುವಾದರೆ ಅದು ಮುಂದಕ್ಕೆ ಉಬ್ಬಿಕೊಳ್ಳಬಹುದು. ಅದಕ್ಕೇ ಇವನಿಗೆ ಐಸಿಎಲ್ ಹೇಳಿದರು. ಮೆತ್ತಗಿನ ಪುಟ್ಟ ಲೆನ್ಸ್ ಒಂದನ್ನು ಕಣ್ಣೊಳಗೇ ಇಡುವುದು.

ಮನೆಯಲ್ಲಿ ಅಜ್ಜಿ ಕೇಳಿದ ಮೊದಲ ಮಾತು, "ಇಷ್ಟು ಸಣ್ಣ ವಯಸ್ಸಿಗೇ ಇವನಿಗೆ ಪೊರೆ ಬಂತೇನವ್ವಾ?" ಅಜ್ಜಿಗೆ ಪೊರೆ ಆಪರೇಷನ್ ಆಗಿದೆ, ಹಾಗಾಗಿ ಕೇಳಿದ್ದು ಸರಿಯೇ. ಪೊರೆ ಆಪರೇಷನ್‌ನಲ್ಲಿ ಮಂಜಾದ ಹುಟ್ಟು ಲೆನ್ಸ್ ತೆಗೆದು ಆ ಜಾಗಕ್ಕೆ ಬೇರೆ ಲೆನ್ಸ್ ಹಾಕುತ್ತಾರೆ. ಐಸಿಎಲ್‌ನಲ್ಲಿ ಹುಟ್ಟು ಲೆನ್ಸ್ ಮುಟ್ಟುವುದಿಲ್ಲ. ಕಣ್ಣಿನ ಬಣ್ಣದ ಪರದೆ ಇದೆಯಲ್ಲ, ಐರಿಸ್, ಅದರ ಹಿಂದೆ, ಹುಟ್ಟು ಲೆನ್ಸಿನ ಮುಂದೆ ಇದನ್ನು ಕೂರಿಸುತ್ತಾರೆ. ಎಷ್ಟು ಇಕ್ಕಟ್ಟಿನ ಜಾಗ ಅಂತ ಯೋಚಿಸಿ.

ಕಣ್ಣೊಳಗೆ ಲೆನ್ಸ್ ಇಡುವ ಕೆಲಸ ಹೊಸದೇನಲ್ಲ. 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಪೊರೆ ರೋಗಿಯೊಬ್ಬರಿಗೆ ಇಟ್ಟಿದ್ದರು. ನಂಬರ್ ಇಳಿಸುವುದಕ್ಕೆ ಅಂತಲೇ ಲೆನ್ಸ್ ಇಡುವ ಪ್ರಯತ್ನ 1950ರ ದಶಕದಲ್ಲೇ ನಡೆಯಿತು. ಆಗ ಲೆನ್ಸನ್ನು ಐರಿಸ್‌ನ ಮುಂದೆ ಇಡುತ್ತಿದ್ದರು, ಕಾರ್ನಿಯಾಕ್ಕೆ ತೀರಾ ಹತ್ತಿರ. ಕಾರ್ನಿಯಾದ ಒಳಮೈಯಲ್ಲಿ ಒಂದೇ ಒಂದು ಸಾಲು ಜೀವಕೋಶಗಳಿವೆ. ಅವು ನೀರನ್ನು ಹೊರಹಾಕುತ್ತಾ ಕಾರ್ನಿಯಾವನ್ನು ತಿಳಿಯಾಗಿಡುತ್ತವೆ. ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಳೆಯ ಲೆನ್ಸ್‌ಗಳು ಇವನ್ನೇ ಹಾಳುಮಾಡಿದವು.

ಸರಿ, ಐರಿಸ್‌ನ ಹಿಂದಕ್ಕೆ ತಂದರು. ಆಗ ಇನ್ನೊಂದು ತೊಂದರೆ. ಕಣ್ಣೊಳಗಿನ ನೀರು ಐರಿಸ್‌ನ ಹಿಂದೆ ಹುಟ್ಟಿ, ಪಾಪೆಯ ಮೂಲಕ ಮುಂದೆ ಹರಿಯಬೇಕು. ಅಡ್ಡ ಲೆನ್ಸ್ ಕೂತರೆ ದಾರಿ ಕಟ್ಟಿ, ಕಣ್ಣಿನ ಒತ್ತಡ ಏರುತ್ತದೆ. ಅದಕ್ಕೆ ಮೊದಲೇ ಲೇಸರ್‌ನಿಂದ ಐರಿಸ್‌ಗೆ ತೂತು ಮಾಡಿಸಿಕೊಳ್ಳಬೇಕಿತ್ತು. ಈಗಿನ ಮಾದರಿಯಲ್ಲಿ ಲೆನ್ಸಿನ ನಡುವೆಯೇ 0.36 ಮಿಲಿಮೀಟರ್ ತೂತಿದೆ. ನೀರು ಅದರಲ್ಲೇ ಹರಿಯುತ್ತದೆ. ಔಷಧ, ವೈದ್ಯಕೀಯ ಸಲಕರಣೆಗಳನ್ನು ಪರೀಕ್ಷಿಸಿ ಒಪ್ಪುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಇದಕ್ಕೆ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಇಷ್ಟು ಸಣ್ಣ ತೂತಿನಿಂದ ಇಷ್ಟೊಂದು ತಾಪತ್ರಯ ತಪ್ಪಿತು ಅನ್ನುವುದು ನನಗಂತೂ ಬಲು ಇಷ್ಟವಾದ ವಿಷಯ.

ಈಗ ತೋರಿಸುತ್ತಿರುವುದು ಅಳತೆಯ ದಿನ. ಈ ವಿಡಿಯೋದಲ್ಲಿ ನೀವು ಏನನ್ನಾದರೂ ಓಡಿಸಿ ನೋಡಿ, ಇದನ್ನು ಮಾತ್ರ ಓಡಿಸಬೇಡಿ. "ಗದ್ದ ಇಲ್ಲಿಡಿ, ಹಣೆ ಒತ್ತಿ, ರೆಪ್ಪೆ ಬಡಿಯಬೇಡಿ." ಒಂದು ಮಷಿನ್ ಮುಗಿದರೆ ಇನ್ನೊಂದು. ಕಾರ್ನಿಯಾದ ಆಕಾರ ನೋಡಿದರು. ಆ ಒಳಸಾಲಿನ ಜೀವಕೋಶಗಳನ್ನು ಎಣಿಸಿದರು. ಸ್ಕ್ರೀನ್ ಮೇಲೆ ಜೇನುಗೂಡಿನ ಹಾಗೆ ಕಾಣುತ್ತಿರುವುದು ಅವೇ. ಕಾರ್ನಿಯಾಕ್ಕೂ ಹುಟ್ಟು ಲೆನ್ಸಿಗೂ ನಡುವಿನ ಆಳ ಅಳೆದರು. ಎಫ್‌ಡಿಎ 2022ರಲ್ಲಿ ಒಪ್ಪಿದಾಗ ಹೇಳಿದ್ದ ಪ್ರಕಾರ ಅದು ಕನಿಷ್ಠ 3 ಮಿಲಿಮೀಟರ್ ಇರಬೇಕಿತ್ತು, ವಯಸ್ಸು 21ರಿಂದ 45ರ ಒಳಗಿರಬೇಕಿತ್ತು. ಆಮೇಲೆ ಪಾಪೆ ಹಿಗ್ಗಿಸಿ, ಕಣ್ಣಿನ ಹಿಂಭಾಗದಲ್ಲಿ ಬೆಳಕು ಬೀಳುವ ಪರದೆ ರೆಟಿನಾವನ್ನು ಅಂಚಿನವರೆಗೂ ನೋಡಿದರು.

ಕೊನೆಗೆ ಸೈಜ್. ಐಸಿಎಲ್ ನಾಲ್ಕು ಸೈಜ್‌ಗಳಲ್ಲಿ ಬರುತ್ತದೆ: 12.1, 12.6, 13.2, 13.7 ಮಿಲಿಮೀಟರ್. ಲೆನ್ಸಿಗೂ ಹುಟ್ಟು ಲೆನ್ಸಿಗೂ ನಡುವೆ ಸಂದು ಉಳಿಯಬೇಕು, ಅದಕ್ಕೆ ವಾಲ್ಟ್ ಅನ್ನುತ್ತಾರೆ. 250ರಿಂದ 750 ಮೈಕ್ರಾನ್, ಅಂದರೆ ಕಾಲು ಮಿಲಿಮೀಟರ್‌ನಿಂದ ಮುಕ್ಕಾಲು ಮಿಲಿಮೀಟರ್ ಇದ್ದರೆ ಸಾಮಾನ್ಯವಾಗಿ ಚೆನ್ನ. ಸಂದು ಕಡಿಮೆಯಾದರೆ ಹುಟ್ಟು ಲೆನ್ಸಿಗೆ ಪೊರೆ ಬರುವ ಅಪಾಯ. ಜಾಸ್ತಿಯಾದರೆ ಐರಿಸ್ ಮುಂದಕ್ಕೆ ತಳ್ಳಿಕೊಂಡು ಒತ್ತಡ ಏರುವ ಅಪಾಯ. ಕಷ್ಟ ಏನೆಂದರೆ, ಲೆನ್ಸ್ ಕೂರುವ ಜಾಗ ಐರಿಸ್‌ನ ಹಿಂದಿದೆ, ಹೊರಗಿನಿಂದ ಕಾಣುವುದಿಲ್ಲ. ಕಪ್ಪುಗುಡ್ಡೆಯ ಅಗಲ ನೋಡಿ ಲೆಕ್ಕ ಹಾಕುವುದುಂಟು. ಅಲ್ಟ್ರಾಸೌಂಡ್‌ನಿಂದ ಐರಿಸ್‌ನ ಹಿಂದೆಯೇ ನೋಡಿ ಅಳೆಯುವುದೂ ಉಂಟು. "ನನ್ನ ಸೈಜ್ ಹೇಗೆ ತೀರ್ಮಾನ ಮಾಡಿದಿರಿ" ಅಂತ ಕೇಳಿ. ಒಳ್ಳೆಯ ಡಾಕ್ಟರ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಬಂದೆವು, ಆಪರೇಷನ್ ಅಲ್ಲೇ. ಒಳಗಿನದನ್ನು ಹೊರಗಿನ ಟಿವಿಯಲ್ಲಿ ತೋರಿಸಿದರು. ಮರಗಟ್ಟಿಸಲು ಬರೀ ಡ್ರಾಪ್ಸ್. ಆಮೇಲೆ ಕಂದು ಬಣ್ಣದ ಪೊವಿಡೋನ್ ಅಯೋಡಿನ್ ಕಣ್ಣಿಗೇ ಬಿಟ್ಟು ಕಾದರು. ನೋಡುವುದಕ್ಕೆ ಇದು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಕಣ್ಣೊಳಗೆ ಸೋಂಕು ಹೋಗದಂತೆ ತಡೆಯುವುದರಲ್ಲಿ ಇದರ ಪಾಲು ದೊಡ್ಡದು. ಕಾರ್ನಿಯಾದ ಅಂಚಿನಲ್ಲಿ ಸುಮಾರು 3 ಮಿಲಿಮೀಟರ್ ಗಾಯ. ಒಳಗೆ ಜೆಲ್ ತುಂಬಿ, ಮಡಿಸಿದ ಲೆನ್ಸನ್ನು ಸಣ್ಣ ಕೊಳವೆಯಿಂದ ತಳ್ಳಿದರು. ಅದು ಮೆಲ್ಲಗೆ ಬಿಚ್ಚಿಕೊಂಡಿತು. ನಾಲ್ಕು ಮೂಲೆಗಳನ್ನೂ ಒಂದೊಂದಾಗಿ ಐರಿಸ್‌ನ ಹಿಂದಕ್ಕೆ ಸಿಕ್ಕಿಸಿದರು. ಹುಟ್ಟು ಲೆನ್ಸಿಗೆ ಸಲಕರಣೆ ತಾಗಬಾರದು. ನಾನು ಉಸಿರು ಬಿಗಿಹಿಡಿದು ನೋಡಿದ್ದು ಅದೊಂದನ್ನೇ. ಜೆಲ್ ತೊಳೆದು ತೆಗೆದರು, ಹೊಲಿಗೆ ಇಲ್ಲ.

ಮುಗೀತು ಅಂತ ಎದ್ದರೆ ಬಿಡಲಿಲ್ಲ. ಜೆಲ್ ಸ್ವಲ್ಪ ಉಳಿದಿದ್ದರೂ ಮೊದಲ ಕೆಲವು ಗಂಟೆಗಳಲ್ಲಿ ಒತ್ತಡ ಏರಬಹುದು. ಒತ್ತಡ ನೋಡಿಯೇ ಕಳಿಸಿದರು. ಇವನಿಗೆ ಹಸಿವು, ಒಂದೇ ಗೊಣಗಾಟ. "ಹತ್ತು ನಿಮಿಷದ ಆಪರೇಷನ್" ಅಂತ ಜಾಹೀರಾತು ಕೊಡುತ್ತಾರಲ್ಲ, ನನಗೆ ಅದು ಸರಿ ಕಾಣುವುದಿಲ್ಲ. ಹತ್ತು ನಿಮಿಷದ ಹಿಂದೆ ಮುಂದೆ ಇಷ್ಟೆಲ್ಲ ಇದೆ.

"ಬೇಡ ಅಂದರೆ ತೆಗೆದುಬಿಡಬಹುದು" ಅನ್ನುವ ಮಾತೂ ಅಷ್ಟೇ. ತೆಗೆಯಬಹುದು ನಿಜ, ಆದರೆ ಅದೂ ಇನ್ನೊಂದು ಆಪರೇಷನ್ನೇ. ಹೋದ ಜೀವಕೋಶ ವಾಪಸ್ ಬರುವುದಿಲ್ಲ. ಮೈನಸ್ ಜಾಸ್ತಿ ಇರುವವರ ಕಣ್ಣುಗುಡ್ಡೆ ಸಾಮಾನ್ಯವಾಗಿ ಹಿಂದಕ್ಕೆ ಉದ್ದವಾಗಿರುತ್ತದೆ. ನಂಬರ್ ಇಳಿದರೂ ಅದು ಹಾಗೇ ಇರುತ್ತದೆ, ರೆಟಿನಾ ಕಳಚುವ ಅಪಾಯವೂ ಇದ್ದೇ ಇದೆ. ಹಾಗಾಗಿ ವರ್ಷಕ್ಕೊಮ್ಮೆ ರೆಟಿನಾ, ಒತ್ತಡ, ವಾಲ್ಟ್, ಜೀವಕೋಶದ ಎಣಿಕೆ, ಎಲ್ಲ ಮಾಡಿಸಬೇಕು. ಇದ್ದಕ್ಕಿದ್ದಂತೆ ನೋವು, ಕೆಂಪು, ಮಂಜು ಬಂದರೆ ನಾಳೆ ನೋಡೋಣ ಅನ್ನದೆ ಅವತ್ತೇ ಓಡಬೇಕು. ಕಣ್ಣು ಉಜ್ಜುವ ಹಾಗಿಲ್ಲ. ಸದ್ಯ ಯೂನಿಟ್‌ಗೂ ರಜೆ ಹಾಕಿದ್ದಾನೆ.

ಇನ್ನೊಂದು ಕಣ್ಣು ಆಮೇಲೆ. ಎರಡನ್ನೂ ಒಂದೇ ದಿನ ಮಾಡುವವರಿದ್ದಾರೆ. ನಮ್ಮ ಡಾಕ್ಟರ್ ಒಂದು ಕಣ್ಣು ಹೇಗಿದೆ ಅಂತ ನೋಡಿಕೊಂಡೇ ಮುಂದಿನದು ಅಂದರು. ಓಡಾಟದ ಖರ್ಚು ಹೆಚ್ಚಾದರೂ ನಮಗೆ ಒಪ್ಪಿಗೆಯಾಯಿತು.

ಈ ಕೊನೇ ಕ್ಲಿಪ್ ರಾಯಲ್ ಸರ್ಕಲ್‌ನದ್ದು, ರಾತ್ರಿ. ಎದುರಿನ ಗಾಡಿ ದೀಪದ ಸುತ್ತ ಉಂಗುರ ಕಾಣುತ್ತಿದೆ ಅನ್ನುತ್ತಿದ್ದಾನೆ. ಐಸಿಎಲ್ ಹಾಕಿಸಿಕೊಂಡ ಹಲವರಿಗೆ ಶುರುವಿನಲ್ಲಿ ಹೀಗಾಗುತ್ತದೆ. ಹೆಚ್ಚಿನವರಿಗೆ ದಿನ ಹೋದಂತೆ ಕಡಿಮೆಯಾಗುತ್ತದೆ. "ಅಕ್ಕಾ, ಬೈಕ್ ನಾನು ಓಡಿಸಲಾ?" ಅಂತ ಕೇಳಿದ. ಡಾಕ್ಟರ್ ಹೂಂ ಅನ್ನುವವರೆಗೆ ಹಿಂದೆ ಕೂತ್ಕೋ ಅಂದೆ.